ಹೃದಯ ಕಾಲಿನಿಂದ ಕಲಿತದ್ದು: ಎರಡು ಧಮನಿ ರೋಗಗಳ ನಂಟು

1809ರಲ್ಲಿ ಗ್ಲಾಸ್ಗೋದ ವೈದ್ಯ ಅಲನ್ ಬರ್ನ್ಸ್ ಎದೆನೋವಿಗೆ ಕಾರಣ ಹುಡುಕುತ್ತ ಕೈಕಾಲುಗಳ ಕಡೆ ನೋಡಿದರು. ಕಾಲಿಗೆ ಅರೆಬಿಗಿಯಾಗಿ ಪಟ್ಟಿ ಕಟ್ಟಿದರೂ ಸುಮ್ಮನೆ ಕುಳಿತಷ್ಟು ಹೊತ್ತು ಅದಕ್ಕೇನೂ ಆಗುವುದಿಲ್ಲ. ದುಡಿಸಲು ಹೊರಟರೆ ಬೇಗನೆ ಸೋಲುತ್ತದೆ. ಧಮನಿ ಗಟ್ಟಿಯಾದ ಹೃದಯದ ಪಾಡೂ ಇದೇ ಎಂದು ಅವರು ವಾದಿಸಿದರು. ಹೃದಯದ ನೋವನ್ನು ಕಾಲಿನ ಮೂಲಕ ಅರ್ಥಮಾಡಿಕೊಳ್ಳುವ ಆ ಪ್ರಯತ್ನಕ್ಕೆ ಇನ್ನೂರು ವರ್ಷ ದಾಟಿದೆ. ಆದರೂ ಹೃದಯದ ಧಮನಿ ರೋಗ ಮತ್ತು ಕಾಲಿನ ಧಮನಿ ರೋಗ ಒಂದೇ ಕಾಯಿಲೆಯೇ, ಅಕ್ಕಪಕ್ಕದ ಎರಡು ಕಾಯಿಲೆಗಳೇ, ಅಥವಾ ಒಂದು ಇನ್ನೊಂದನ್ನು ಹದಗೆಡಿಸುತ್ತದೆಯೇ ಎಂಬ ಚರ್ಚೆ ಮುಗಿದಿಲ್ಲ.

ಉಡುಪಿ ಬಳಿಯ ಹಿರಿಯಡ್ಕದಂಥ ಊರಿನಲ್ಲಿ ಇದು ಬರೀ ಪುಸ್ತಕದ ಚರ್ಚೆಯಲ್ಲ. ಗುಡ್ಡೆ ಹತ್ತುವಾಗ ಎದೆ ಬಿಗಿದರೆ ಮನೆಯವರು ತಡಮಾಡುವುದಿಲ್ಲ. ಪರ್ಕಳ ದಾಟಿ ಮಣಿಪಾಲಕ್ಕೆ ಹೊರಡುತ್ತಾರೆ. ಅದೇ ಗುಡ್ಡೆಯಲ್ಲಿ ಮೀನಖಂಡ ಹಿಡಿದುಕೊಂಡು ನಿಲ್ಲುವಂತಾದರೆ ಅದು ವಾತ, ನರದ ಸೆಳೆತ, ವಯಸ್ಸಿನ ಕಾಲುನೋವು ಎನ್ನಿಸಿಕೊಳ್ಳುತ್ತದೆ; ಎಣ್ಣೆ ತಿಕ್ಕುವುದರಲ್ಲಿ ತಿಂಗಳುಗಳು ಕಳೆಯುತ್ತವೆ. 2025ರಲ್ಲಿ ಹಾಸನದ ಹೃದಯಾಘಾತಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಕಾಲಿನ ಧಮನಿಗಾಗಿ ಅಂಥ ಸಾಲು ಎಲ್ಲೂ ಕಾಣುವುದಿಲ್ಲ. ಎರಡು ನೋವುಗಳಿಗೆ ಸಿಗುವ ಈ ಭಿನ್ನ ಮರ್ಯಾದೆಗೆ ವೈದ್ಯಶಾಸ್ತ್ರದಲ್ಲಿ ಆಧಾರವಿದೆಯೇ ಎಂಬುದೇ ಈ ಸಮೀಕ್ಷೆಯ ಪ್ರಶ್ನೆ.

ನಡೆದರೆ ಬರುವ, ನಿಂತರೆ ಹೋಗುವ ನೋವು

1768ರಲ್ಲಿ ಲಂಡನ್ನಿನ ವಿಲಿಯಂ ಹೆಬರ್ಡನ್ ಅವರು ಎದೆಯ ಒಂದು ವಿಶಿಷ್ಟ ನೋವನ್ನು ವಿವರಿಸಿದರು. ಅದು ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಬರುತ್ತದೆ. ನಿಂತ ಕೂಡಲೇ ಇಳಿಯುತ್ತದೆ. ನಾವು ಇಂದು ಆಂಜೈನಾ ಎನ್ನುವುದು ಇದನ್ನೇ. ಕಾಲಿನ ಇಂಥದೇ ನೋವು ಮೊದಲು ದಾಖಲಾದದ್ದು ಕುದುರೆಯಲ್ಲಿ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ ಅವರು ಓಡಿಸಿದರೆ ಕುಂಟುವ, ನಿಲ್ಲಿಸಿದರೆ ಸರಿಹೋಗುವ ಕುದುರೆಯ ತೊಡೆಯ ಧಮನಿ ಕಟ್ಟಿಕೊಂಡಿರುವುದನ್ನು ತೋರಿಸಿದರು. 1858ರಲ್ಲಿ ಪ್ಯಾರಿಸ್ಸಿನ ಶಾರ್ಕೊ ಇದೇ ಲಕ್ಷಣವನ್ನು ಗುಂಡೇಟು ತಿಂದಿದ್ದ ಒಬ್ಬ ಮಾಜಿ ಸೈನಿಕನಲ್ಲಿ ಕಂಡರು. ಕ್ಲಾಡಿಕೇಷನ್, ಅಂದರೆ ಕುಂಟುನೋವು, ಎಂಬ ಹೆಸರು ನೆಲೆಯಾದದ್ದು ಹೀಗೆ.

ಎರಡೂ ನೋವುಗಳ ಒಳಗುಟ್ಟು ಒಂದೇ. ವಿಶ್ರಾಂತಿಯಲ್ಲಿ ಸ್ನಾಯುವಿಗೆ ಬೇಕಾದಷ್ಟು ರಕ್ತ ಕಿರಿದಾದ ಧಮನಿಯಲ್ಲೂ ಹರಿಯುತ್ತದೆ. ದುಡಿಮೆಯಲ್ಲಿ ಬೇಡಿಕೆ ಹಲವು ಪಟ್ಟು ಏರಿದಾಗ ಸಾಲದೆ ಬರುತ್ತದೆ. ಕಿರಿದಾಗಿಸುವುದು ಬಹುಪಾಲು ಅಥೆರೊಸ್ಕ್ಲೆರೋಸಿಸ್: ಧಮನಿಯ ಒಳಗೋಡೆಯಲ್ಲಿ ಕೊಬ್ಬು, ಉರಿಯೂತದ ಕಣಗಳು, ನಾರು, ಸುಣ್ಣ ಸೇರಿ ಬೆಳೆಯುವ ಗಂಟು. ಈ ಗಂಟಿಗೇ ಪ್ಲಾಕ್ ಎನ್ನುತ್ತಾರೆ. ಕಾಲಿನಲ್ಲಿ ರೋಗ ಮುಂದುವರಿದರೆ ಮಲಗಿದಾಗಲೂ ಪಾದ ಉರಿಯುತ್ತದೆ, ಬೆರಳಿನ ಗಾಯ ಮಾಯುವುದಿಲ್ಲ, ಕೊನೆಗೆ ಗ್ಯಾಂಗ್ರಿನ್. 1962ರಲ್ಲಿ ಜೆಫ್ರಿ ರೋಸ್ ಅವರು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಸಮೀಕ್ಷೆಗಳಿಗೆಂದು ಪ್ರಶ್ನಾವಳಿ ಪ್ರಕಟಿಸಿದಾಗ ಎದೆಯ ಪ್ರಶ್ನೆಗಳನ್ನೂ ಮೀನಖಂಡದ ಪ್ರಶ್ನೆಗಳನ್ನೂ ಒಂದೇ ಲೇಖನದಲ್ಲಿ ಇಟ್ಟರು. ಆ ಹೊತ್ತಿಗೆ ಇವೆರಡೂ ಒಡಹುಟ್ಟುಗಳೆಂಬುದು ಸಾಮಾನ್ಯ ತಿಳಿವಳಿಕೆಯಾಗಿತ್ತು.

ಕಾಲಿನಲ್ಲಿ ಪಳಗಿ ಎದೆಗೆ ಬಂದ ಚಿಕಿತ್ಸೆಗಳು

ಹೃದಯದ ಎರಡು ದೊಡ್ಡ ಚಿಕಿತ್ಸೆಗಳು ಮೊದಲು ಕಾಲಿನಲ್ಲಿ ಪಳಗಿದವು. 1948ರಲ್ಲಿ ಪ್ಯಾರಿಸ್ಸಿನ ಜಾನ್ ಕುನ್ಲಿನ್ ಅವರು ರೋಗಿಯದೇ ಕಾಲಿನ ಅಭಿಧಮನಿಯನ್ನು ಬಳಸಿ, ಕಟ್ಟಿಕೊಂಡ ತೊಡೆಯ ಧಮನಿಗೆ ಬೈಪಾಸ್ ಮಾಡಿದರು. ಅದೇ ಅಭಿಧಮನಿಯನ್ನು 1967ರಲ್ಲಿ ಕ್ಲೀವ್‌ಲ್ಯಾಂಡಿನ ರೆನೆ ಫವಲೋರೊ ಹೃದಯಕ್ಕೆ ಹೊಲಿದರು. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ಧಮನಿಯನ್ನು ಚಾರ್ಲ್ಸ್ ಡಾಟರ್ ಕ್ಯಾಥೆಟರಿನಿಂದಲೇ ಹಿಗ್ಗಿಸಿದರು. ಆಂಡ್ರಿಯಾಸ್ ಗ್ರುಂಟ್ಸಿಗ್ ಇದನ್ನು ಬಲೂನಿಗೆ ಅಳವಡಿಸಿ, ಕಾಲುಗಳಲ್ಲಿ ಪ್ರಯೋಗಿಸಿ, 1977ರ ಸೆಪ್ಟೆಂಬರಿನಲ್ಲಿ ಜೂರಿಚ್‌ನಲ್ಲಿ ಮೊದಲ ಬಾರಿಗೆ ಹೃದಯದ ಧಮನಿಯನ್ನು ತೆರೆದರು. ಇಂದು ನಮ್ಮೂರಿನವರು ಸಲೀಸಾಗಿ ಹೇಳುವ ‘ಬಲೂನ್ ಹಾಕಿದ್ದು’, ‘ಬೈಪಾಸ್ ಆದದ್ದು’ ಎರಡಕ್ಕೂ ತವರು ಕಾಲು.

ಆದರೆ ತಜ್ಞತೆ ಬೆಳೆದಂತೆ ಮನೆ ಪಾಲಾಯಿತು. ಹೃದಯ ಕಾರ್ಡಿಯಾಲಜಿಗೆ ಹೋಯಿತು. ಕಾಲು ವ್ಯಾಸ್ಕ್ಯುಲರ್ ಶಸ್ತ್ರಚಿಕಿತ್ಸಕರಿಗೂ, ಅವರಿಲ್ಲದ ಕಡೆ ಜನರಲ್ ಸರ್ಜನ್ ಅಥವಾ ಮೂಳೆ ತಜ್ಞರಿಗೂ ಹೋಯಿತು. ಒಬ್ಬನೇ ರೋಗಿಯ ಎರಡು ಧಮನಿಗಳಿಗೆ ಎರಡು ಕಡತಗಳಾದವು.

ಮೊದಲ ಪಂಥ: ರೋಗ ಒಂದೇ, ತಾಣ ಹಲವು

ಈ ಪಂಥದ ಪ್ರಕಾರ ಅಥೆರೊಸ್ಕ್ಲೆರೋಸಿಸ್ ಇಡೀ ಮೈಯ ಕಾಯಿಲೆ. ಕಾಲಿನಲ್ಲಿ ಕಂಡರೆ ಹೃದಯದಲ್ಲಿ, ಮಿದುಳಿಗೆ ಹೋಗುವ ಕತ್ತಿನ ಧಮನಿಯಲ್ಲಿ, ಮೂತ್ರಪಿಂಡದಲ್ಲಿಯೂ ಇದೆಯೆಂದೇ ಹಿಡಿಯಬೇಕು.

ಇದಕ್ಕೆ ಬಲವಾದ ಸಾಕ್ಷ್ಯ 1984ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಿಂದ ಬಂತು. ನಾರ್ಮನ್ ಹರ್ಟ್ಸರ್ ಮತ್ತು ಸಂಗಡಿಗರು ಕಾಲು, ಕತ್ತು, ಹೊಟ್ಟೆಯ ಧಮನಿಗಳ ಶಸ್ತ್ರಚಿಕಿತ್ಸೆಗೆ ಬಂದ 1000 ಜನರ ಹೃದಯದ ಆಂಜಿಯೋಗ್ರಾಂ ಮಾಡಿಸಿದರು. ಹೃದಯದ ಧಮನಿಗಳು ಪೂರ್ತಿ ಚೆನ್ನಾಗಿದ್ದವರು ಕೇವಲ ಶೇ. 8. ನಾಲ್ವರಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಗೆ ತಕ್ಕಷ್ಟು ತೀವ್ರ ರೋಗವಿತ್ತು. 1992ರಲ್ಲಿ ಮೈಕೆಲ್ ಕ್ರಿಕ್ವಿ ತಂಡ ಸ್ಯಾನ್ ಡಿಯಾಗೊದ 565 ಗಂಡಸರು–ಹೆಂಗಸರನ್ನು ಹತ್ತು ವರ್ಷ ಹಿಂಬಾಲಿಸಿದ ಫಲಿತಾಂಶ ಪ್ರಕಟಿಸಿತು. ಕಾಲಿನ ದೊಡ್ಡ ಧಮನಿಗಳಲ್ಲಿ ರೋಗವಿದ್ದವರು ಹೃದಯದ ಧಮನಿ ರೋಗದಿಂದ ಸಾಯುವ ಸಂಭವ ಉಳಿದವರಿಗಿಂತ ಆರು ಪಟ್ಟು ಮೀರಿತ್ತು. 44 ದೇಶಗಳ ಸುಮಾರು 68,000 ಜನರ ರೀಚ್ ದಾಖಲಾತಿಯಲ್ಲಿ, ಕಾಲಿನ ಧಮನಿ ರೋಗಿಗಳಲ್ಲಿ ಸುಮಾರು ಐವರಲ್ಲಿ ಮೂವರಿಗೆ ಹೃದಯದಲ್ಲೋ ಮಿದುಳಿನ ಧಮನಿಯಲ್ಲೋ ಅದೇ ರೋಗ ಕಂಡಿತು.

ಈ ಪಂಥದ ಅತಿ ಸರಳ ಆಯುಧ ಎಬಿಐ, ಅಂದರೆ ಆಂಕಲ್-ಬ್ರೇಕಿಯಲ್ ಇಂಡೆಕ್ಸ್. ಹರಡಿನ ಬಳಿಯ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆ. ಬಿಪಿ ಪಟ್ಟಿ ಮತ್ತು ಕೈಯಲ್ಲಿ ಹಿಡಿಯುವ ಡಾಪ್ಲರ್ ಇದ್ದರೆ ಸಾಕು. 1.0ರಿಂದ 1.4 ಸಹಜ; 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ಕಾಲಿನ ಧಮನಿ ರೋಗ. 2008ರಲ್ಲಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಸು, ಬಿಪಿ, ಕೊಲೆಸ್ಟರಾಲ್ ಮುಂತಾದ ಮಾಮೂಲು ಲೆಕ್ಕಾಚಾರದ ಪ್ರತಿಯೊಂದು ಹಂತದಲ್ಲೂ ಎಬಿಐ ಕಡಿಮೆಯಿದ್ದವರ ಅಪಾಯ ಸುಮಾರು ಎರಡು ಪಟ್ಟು ಇತ್ತು. ಕಾಲಿನ ಸಂಖ್ಯೆ ಹೃದಯದ ಭವಿಷ್ಯ ಹೇಳಿತು.

ಕುಂಟುನೋವಿನವರ ಮುಂದಿನ ಐದು ವರ್ಷಗಳನ್ನು ನೋಡಿದರೆ ಈ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಅವರಲ್ಲಿ ಕಾಲು ಕಳೆದುಕೊಳ್ಳುವವರು ನೂರಕ್ಕೆ ಐದಕ್ಕಿಂತ ಕಡಿಮೆ. ಸಾಯುವವರು ನೂರಕ್ಕೆ 15ರಿಂದ 30. ಆ ಸಾವುಗಳಲ್ಲಿ ಮುಕ್ಕಾಲು ಪಾಲು ಹೃದಯ ಮತ್ತು ರಕ್ತನಾಳಗಳಿಂದಲೇ. ಕಾಲುನೋವಿನ ರೋಗಿ ಹೆದರುವುದು ಕಾಲಿಗೆ. ಅವನನ್ನು ಕೊಲ್ಲುವುದು ಹೃದಯ.

ಎರಡನೆಯ ಪಂಥ: ನೆಲ ಬೇರೆ, ಬೆಳೆ ಬೇರೆ

ಒಂದೇ ರೋಗವಾದರೆ ಕೆಲವರಿಗೆ ಹೃದಯದಲ್ಲಿ ಮಾತ್ರ, ಕೆಲವರಿಗೆ ಕಾಲಿನಲ್ಲಿ ಮಾತ್ರ ಏಕೆ? ಒಂದೇ ತೋಟ, ಒಂದೇ ಮಳೆಯಾದರೂ ಅಡಿಕೆಯ ಕೊಳೆರೋಗ ಎಲ್ಲ ಮರಕ್ಕೂ ಒಂದೇ ತೀವ್ರತೆಯಲ್ಲಿ ಬರುವುದಿಲ್ಲ. ಎರಡನೆಯ ಪಂಥ ಹುಡುಕುವುದು ಈ ವ್ಯತ್ಯಾಸದ ಕಾರಣವನ್ನು.

ಮೊದಲನೆಯದು ಅಪಾಯಗಳ ತೂಕ. ಹೃದಯದ ಧಮನಿಗೆ ಎಲ್‌ಡಿಎಲ್ ಕೊಲೆಸ್ಟರಾಲ್ ದೊಡ್ಡ ಶತ್ರು. ಕಾಲಿಗೆ ತಂಬಾಕು ಮತ್ತು ಸಕ್ಕರೆ ಕಾಯಿಲೆ ಅದಕ್ಕಿಂತ ದೊಡ್ಡ ಶತ್ರುಗಳು. ಅಮೆರಿಕದ ಆರಿಕ್ ಅಧ್ಯಯನ 2019ರಲ್ಲಿ ತೋರಿಸಿದಂತೆ, ಧೂಮಪಾನ ಬಿಟ್ಟ ಮೇಲೂ ಅದರ ದುಷ್ಪರಿಣಾಮ ಹೃದಯದ ಮೇಲೆ ಸುಮಾರು 20 ವರ್ಷ, ಕಾಲಿನ ಧಮನಿಗಳ ಮೇಲೆ 30 ವರ್ಷದವರೆಗೆ ಉಳಿಯುತ್ತದೆ. ಬೀಡಿ ಕಟ್ಟುವುದು ಮನೆಮನೆಯ ಸಂಪಾದನೆಯಾಗಿದ್ದ ಕಾರ್ಕಳ, ಕಾಪು ಕಡೆಯ ಊರುಗಳು ಈ ಅಂಶವನ್ನು ಗಮನಿಸಬೇಕು. ತಂಬಾಕಿನಿಂದಲೇ ಯುವಕರ ಕೈಕಾಲುಗಳ ಸಣ್ಣ ಧಮನಿಗಳನ್ನು ಕೆಡಿಸುವ, 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ಬರ್ಗರ್ ಕಾಯಿಲೆ ಬೇರೆಯೇ ಜಾತಿಯದು. ಅದು ಅಥೆರೊಸ್ಕ್ಲೆರೋಸಿಸ್ ಅಲ್ಲ, ಹೃದಯಕ್ಕೆ ಸಾಮಾನ್ಯವಾಗಿ ಬರುವುದೂ ಇಲ್ಲ. ಬೀಡಿ ಸೇದುವ ಯುವಕನ ಕಪ್ಪಾದ ಬೆರಳನ್ನು ನೋಡಿದ ಕೂಡಲೇ ಅವನ ಹೃದಯಕ್ಕೂ ಅದೇ ತೀರ್ಪು ಕೊಡುವಂತಿಲ್ಲ.

ಎರಡನೆಯದು ಗಂಟಿನ ಸ್ವಭಾವ. ಹೃದಯಾಘಾತ ಬಹುಪಾಲು ಕೊಬ್ಬು ತುಂಬಿದ ಪ್ಲಾಕ್ ಒಡೆದು ರಕ್ತ ಹೆಪ್ಪುಗಟ್ಟುವುದರಿಂದ ಆಗುತ್ತದೆ. ತೊಡೆಯ ಧಮನಿಯ ಗಂಟಿನಲ್ಲಿ ನಾರು ಮತ್ತು ಸುಣ್ಣ ಹೆಚ್ಚು, ಕೊಬ್ಬು ಕಡಿಮೆ. ಮೊಣಕಾಲಿನ ಕೆಳಗೆ, ವಿಶೇಷವಾಗಿ ಶುಗರ್ ರೋಗಿಗಳಲ್ಲಿ, ಧಮನಿಯ ನಡುಪದರವೇ ಸುಣ್ಣಗಟ್ಟುತ್ತದೆ. 1903ರಲ್ಲಿ ಮೊಂಕೆಬರ್ಗ್ ವಿವರಿಸಿದ್ದು ಇದನ್ನೇ. ಕತ್ತರಿಸಿದ ಕಾಲುಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಚ್ಚೇನೂ ಪ್ಲಾಕ್ ಇಲ್ಲದ ಧಮನಿಗಳಲ್ಲೂ ಹೆಪ್ಪುಗಟ್ಟಿದ ರಕ್ತ ತುಂಬಿತ್ತು. ಅಂದರೆ ಕೆಳಗಾಲಿನ ಕಥೆಯಲ್ಲಿ ಕೊಬ್ಬಿಗಿಂತ ಹೆಪ್ಪಿನ ಪಾತ್ರ ದೊಡ್ಡದಿರಬಹುದು.

ಮೂರನೆಯದು ವಂಶವಾಹಿ. ಅಮೆರಿಕದ ಮಾಜಿ ಸೈನಿಕರ ಬೃಹತ್ ಅಧ್ಯಯನ 2019ರಲ್ಲಿ ಕಾಲಿನ ಧಮನಿ ರೋಗಕ್ಕೆ ಸಂಬಂಧಿಸಿದ 19 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ 11 ತಾಣಗಳು ಹೃದಯ ಮತ್ತು ಮಿದುಳಿನ ಧಮನಿಗಳಿಗೂ ಸಂಬಂಧಿಸಿದ್ದವು: ಮೊದಲ ಪಂಥಕ್ಕೆ ಬಲ. ನಾಲ್ಕು ಕಾಲಿಗೇ ಮೀಸಲು. ಅದರಲ್ಲೊಂದು ರಕ್ತ ಹೆಪ್ಪುಗಟ್ಟುವಿಕೆಯ ಫ್ಯಾಕ್ಟರ್ ಫೈವ್ ಲೈಡನ್: ಎರಡನೆಯ ಪಂಥಕ್ಕೆ ಬಲ.

ಮೂರನೆಯ ಪಂಥ: ಕಾಲು ಹೃದಯವನ್ನು ಕೆಡಿಸುತ್ತದೆ, ಮರೆಮಾಡುತ್ತದೆ

ಇನ್ನು ಕೆಲವರು ಇಬ್ಬರ ಸಹವಾಸವನ್ನಷ್ಟೇ ಅಲ್ಲ, ಒಬ್ಬರಿಂದ ಇನ್ನೊಬ್ಬರಿಗಾಗುವ ಕೇಡನ್ನೂ ನೋಡುತ್ತಾರೆ. ರಕ್ತ ಸಾಲದ ಸ್ನಾಯುವನ್ನು ಮತ್ತೆ ಮತ್ತೆ ದುಡಿಸಿದಾಗ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ನೋವಿಗೆ ಹೆದರಿ ನಡಿಗೆ ಬಿಟ್ಟರೆ ತೂಕ, ಸಕ್ಕರೆ, ಬಿಪಿ ಮೂರೂ ಏರುತ್ತವೆ. ರೀಚ್ ದಾಖಲಾತಿಯಲ್ಲಿ ಒಂದೇ ವರ್ಷದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಅಥವಾ ಆಸ್ಪತ್ರೆವಾಸ ಕಂಡವರು ಕಾಲಿನ ರೋಗಿಗಳಲ್ಲಿ ಶೇ. 21, ಹೃದಯದ ರೋಗಿಗಳಲ್ಲಿ ಶೇ. 15. ಆದರೆ ಇದಕ್ಕೆ ಇನ್ನೊಂದು ಸರಳ ವಿವರಣೆಯೂ ಇದೆ: ಕಾಲಿನ ರೋಗಿಗೆ ಔಷಧ ಸರಿಯಾಗಿ ಸಿಗುವುದಿಲ್ಲ. ಅಮೆರಿಕದ ಕ್ಲಿನಿಕ್‌ಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪಾರ್ಟ್‌ನರ್ಸ್ ಸಮೀಕ್ಷೆ, ಅಪಾಯದ ಗುಂಪಿನ ಸುಮಾರು 7000 ಜನರಲ್ಲಿ ಶೇ. 29 ಮಂದಿಗೆ ಕಾಲಿನ ಧಮನಿ ರೋಗ ಪತ್ತೆಮಾಡಿತು. ಅವರಲ್ಲಿ ಪುಸ್ತಕದಲ್ಲಿರುವಂಥ ಕುಂಟುನೋವು ಇದ್ದವರು ಹತ್ತರಲ್ಲಿ ಒಬ್ಬರಷ್ಟೇ. ಹೃದ್ರೋಗಿಗಳಿಗೆ ಹೋಲಿಸಿದರೆ ಇವರಿಗೆ ಕೊಲೆಸ್ಟರಾಲ್ ಮತ್ತು ರಕ್ತ ತೆಳುಮಾಡುವ ಮಾತ್ರೆ ಸಿಕ್ಕಿದ್ದು ಕಡಿಮೆ.

ಮರೆಮಾಚುವಿಕೆಯ ವಿಚಾರ ಹೆಚ್ಚು ಸ್ಪಷ್ಟ. ಅರ್ಧ ಫರ್ಲಾಂಗಿಗೇ ಮೀನಖಂಡ ಹಿಡಿದರೆ ಎದೆನೋವು ಬರುವಷ್ಟು ದೂರ ಆ ಮನುಷ್ಯ ನಡೆಯುವುದೇ ಇಲ್ಲ. ಟ್ರೆಡ್‌ಮಿಲ್ ಪರೀಕ್ಷೆಯೂ ಅವನ ಕಾಲಿನಿಂದಾಗಿ ಅರ್ಧಕ್ಕೇ ನಿಂತು, ಹೃದಯದ ಬಗ್ಗೆ ಏನೂ ಹೇಳದೆ ಮುಗಿಯುತ್ತದೆ. ಮಧುಮೇಹಿಯಲ್ಲಿ ನರಗಳೂ ಸತ್ತಿದ್ದರೆ ಎರಡು ನೋವುಗಳೂ ಮೌನ. ಹೃದಯಾಘಾತ ಗೊತ್ತಾಗದೆ ಆಗಿಹೋಗುತ್ತದೆ, ಪಾದದ ಹುಣ್ಣು ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಸುಣ್ಣಗಟ್ಟಿದ ಧಮನಿ ಒತ್ತಡಕ್ಕೆ ಬಾಗದೆ ಎಬಿಐ 1.4 ದಾಟಿ ಸುಳ್ಳು ಧೈರ್ಯ ಕೊಡಬಹುದು. ಅಂಥವರಲ್ಲಿ ಹೆಬ್ಬೆರಳಿನ ಒತ್ತಡ ಅಳೆಯಬೇಕಾಗುತ್ತದೆ.

ದಕ್ಷಿಣ ಭಾರತದ ಒಗಟು

ನಮ್ಮ ಪಾಲಿನ ಮುಖ್ಯ ಪ್ರಶ್ನೆ ಬರುವುದು ಇಲ್ಲಿ. ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇಗ ಬರುತ್ತದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಮಧ್ಯಾಂಕ ವಯಸ್ಸು ನಮ್ಮವರಲ್ಲಿ 53, ಉಳಿದ ದೇಶಗಳಲ್ಲಿ 59ರ ಹತ್ತಿರ. ಮಧುಮೇಹವೂ ವಿಪರೀತ, 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜು ದೇಶದಲ್ಲಿ 10.1 ಕೋಟಿ ಮಧುಮೇಹಿಗಳು. ಹಾಗಿದ್ದರೆ ಕಾಲಿನ ಧಮನಿ ರೋಗವೂ ಹೆಚ್ಚಿರಬೇಕಲ್ಲ? ಚೆನ್ನೈನ ನಗರ ಜನಸಮೀಕ್ಷೆಯಲ್ಲಿ ಹೃದಯದ ಧಮನಿ ರೋಗ ಶೇ. 11ರಷ್ಟಿದ್ದರೆ ಕಾಲಿನದು ಶೇ. 3.2 ಮಾತ್ರ; ಮಧುಮೇಹಿಗಳಲ್ಲೂ ಶೇ. 6.3. ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದ ಮಧುಮೇಹಿಗಳಲ್ಲಿ ಕಾಲು ಕತ್ತರಿಸಬೇಕಾದವರೂ ಅಲ್ಲಿನ ಬಿಳಿಯರಿಗಿಂತ ಕಡಿಮೆ.

ಇದಕ್ಕೆ ವಿರುದ್ಧವಾಗಿ ಉತ್ತರ ಕೇರಳದ ಹಿರಿಯರ ಸಮೀಕ್ಷೆ 2018ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನರಲ್ಲಿ ಕಾಲಿನ ಧಮನಿ ರೋಗವನ್ನು ತೋರಿಸಿತು. ವಯಸ್ಸಿನ ಗುಂಪು ಬೇರೆ, ಆದ್ದರಿಂದ ಚೆನ್ನೈಯ ಅಂಕಿಯ ಪಕ್ಕದಲ್ಲಿ ಹಾಗೆಯೇ ಇಟ್ಟು ನೋಡುವಂತಿಲ್ಲ. ಆದರೆ ಕರಾವಳಿಯ ಊಟ, ದುಡಿಮೆ, ದೀರ್ಘಾಯುಷ್ಯ ಎಲ್ಲದರಲ್ಲೂ ಉಡುಪಿಗೆ ಚೆನ್ನೈಗಿಂತ ಉತ್ತರ ಕೇರಳವೇ ಹತ್ತಿರ. ಒಗಟಿಗೆ ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಹೃದಯಾಘಾತ ಬೇಗ ಬಂದು, ಕಾಲಿನ ರೋಗ ಕಾಣಿಸಿಕೊಳ್ಳುವ ವಯಸ್ಸಿಗೆ ಮುಂಚೆಯೇ ಜನ ಸಾಯುತ್ತಾರೆ ಎಂಬುದು ಒಂದು. ನಮ್ಮಲ್ಲಿ ಧಮನಿ ರೋಗದ ಹಂಚಿಕೆಯೇ ಬೇರೆ ಎಂಬುದು ಎರಡನೆಯದು. ಸುಣ್ಣಗಟ್ಟಿದ ಧಮನಿಗಳಿಂದಾಗಿ ಎಬಿಐ ನಮ್ಮ ಮಧುಮೇಹಿಗಳನ್ನು ಲೆಕ್ಕದಿಂದ ಬಿಡುತ್ತಿದೆ ಎಂಬುದು ಮೂರನೆಯದು.

ಚಿಕಿತ್ಸೆಯ ಪ್ರಯೋಗಗಳು ಯಾರ ಪರ?

ಔಷಧಗಳು ಬಹುಮಟ್ಟಿಗೆ ಮೊದಲ ಪಂಥದ ಪರ. 2002ರ ಹಾರ್ಟ್ ಪ್ರೊಟೆಕ್ಷನ್ ಅಧ್ಯಯನದಲ್ಲಿ ಸ್ಟ್ಯಾಟಿನ್ ಮಾತ್ರೆ ಕಾಲಿನ ರೋಗಿಗಳ ಹೃದಯವನ್ನೂ ಕಾಯಿತು. 2017ರ ಕಂಪಾಸ್ ಪ್ರಯೋಗದಲ್ಲಿ ಆಸ್ಪಿರಿನ್ ಜೊತೆಗೆ ಅಲ್ಪಪ್ರಮಾಣದ ರಿವಾರೊಕ್ಸಬಾನ್ ಕೊಟ್ಟಾಗ ಕಾಲಿನ ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಒಟ್ಟಾಗಿ ಶೇ. 28, ಕಾಲಿನ ದೊಡ್ಡ ಅನಾಹುತಗಳು ಶೇ. 46 ಇಳಿದವು; ರಕ್ತಸ್ರಾವ ಮಾತ್ರ ಹೆಚ್ಚಿತು. ಬೀಟಾ-ಬ್ಲಾಕರ್ ಕೊಟ್ಟರೆ ಕಾಲುನೋವು ಹೆಚ್ಚುತ್ತದೆಂದು ಹೃದ್ರೋಗಿಗಳಿಗೂ ಆ ಮಾತ್ರೆ ತಪ್ಪಿಸುತ್ತಿದ್ದ ಹಳೆಯ ಭಯವನ್ನು 1991ರ ವಿಶ್ಲೇಷಣೆಯೊಂದು ಕಳೆಯಿತು.

ಆದರೆ ಅಪವಾದಗಳೂ ಇವೆ. 2017ರಲ್ಲಿ ಕ್ಯಾನಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಹೃದಯಕ್ಕೆ ಒಳ್ಳೆಯದೆಂದು ತೋರಿಸಿದ ಪ್ರಯೋಗದಲ್ಲೇ ಕಾಲು-ಬೆರಳು ಕತ್ತರಿಸಿಕೊಂಡವರ ಪ್ರಮಾಣ ಸುಮಾರು ಎರಡು ಪಟ್ಟಾಯಿತು. 2019ರ ಇನ್ನೊಂದು ಪ್ರಯೋಗದಲ್ಲಿ ಆ ಹೆಚ್ಚಳ ಕಾಣಲಿಲ್ಲ. ಹರ್ಟ್ಸರ್ ಅವರ ಅಂಕಿ ನೋಡಿದ ಮೇಲೆ ಕಾಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ಎಲ್ಲರ ಹೃದಯವನ್ನೂ ರಿಪೇರಿ ಮಾಡಿಬಿಡುವುದು ತರ್ಕಬದ್ಧವೆನಿಸಿತ್ತು. 2004ರ ಕಾರ್ಪ್ ಪ್ರಯೋಗ ಅದನ್ನೂ ಪ್ರಶ್ನಿಸಿತು: ಸ್ಥಿರ ಹೃದ್ರೋಗವಿದ್ದ 510 ಜನರಲ್ಲಿ ಮೊದಲು ಬೈಪಾಸ್ ಅಥವಾ ಆಂಜಿಯೋಪ್ಲಾಸ್ಟಿ ಆದವರು, ಆಗದವರು ಸುಮಾರು ಎರಡೂಮುಕ್ಕಾಲು ವರ್ಷಗಳಲ್ಲಿ ಸತ್ತ ಪ್ರಮಾಣ ಶೇ. 22 ಮತ್ತು 23. ರೋಗ ಎರಡೂ ಕಡೆ ಇದೆ ಎಂಬುದರಿಂದ ಎರಡೂ ಕಡೆ ಕೈಹಾಕಬೇಕು ಎಂದಾಗುವುದಿಲ್ಲ.

ಇವೆಲ್ಲದರ ನಡುವೆ ಎಲ್ಲ ಪಂಥಗಳೂ ಒಪ್ಪುವ ಚಿಕಿತ್ಸೆ ಅಗ್ಗದ್ದು: ತಂಬಾಕು ಬಿಡುವುದು, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು. ವಾರಕ್ಕೆ ಮೂರು ದಿನ, ಮುಕ್ಕಾಲು ತಾಸಿನಂತೆ, ಮೂರು ತಿಂಗಳು ಮೇಲ್ವಿಚಾರಣೆಯಲ್ಲಿ ನಡೆದವರ ನಡಿಗೆಯ ದೂರ ಗಣನೀಯವಾಗಿ ಹೆಚ್ಚುತ್ತದೆ. ಎದೆ ಬಿಗಿತ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಇನ್ನೂ ಇತ್ಯರ್ಥವಾಗದ್ದು

ಮೂರು ಪಂಥಗಳನ್ನು ಒಟ್ಟಿಗೆ ನೋಡಿದರೆ, ಬೀಜ ಹೆಚ್ಚುಕಡಿಮೆ ಒಂದೇ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ಅದು ಎಲ್ಲಿ, ಯಾವಾಗ, ಯಾವ ರೂಪದಲ್ಲಿ ಮೊಳೆಯುತ್ತದೆ ಎಂಬುದರಲ್ಲಿ ಉಳಿದಿದೆ. ಆದ್ದರಿಂದ ಕಾಲುನೋವಿಗೆ ಕೊಡುವ ಕಡಿಮೆ ಮರ್ಯಾದೆಗೆ ಶಾಸ್ತ್ರದಲ್ಲಿ ಆಧಾರವಿಲ್ಲ. ಹಾಗೆಂದು ಎಲ್ಲರ ಕಾಲನ್ನೂ ಅಳೆಯಬೇಕೇ? ಇಲ್ಲಿ ಉತ್ತರ ಇಬ್ಭಾಗ. ಡೆನ್ಮಾರ್ಕಿನಲ್ಲಿ 65ರಿಂದ 74 ವರ್ಷದ ಸುಮಾರು 50,000 ಗಂಡಸರ ವಿವಾ ಪ್ರಯೋಗದಲ್ಲಿ (2017) ಕಾಲಿನ ಧಮನಿ, ಹೊಟ್ಟೆಯ ಮಹಾಧಮನಿ, ಬಿಪಿ ತಪಾಸಣೆಗೆ ಕರೆದವರಲ್ಲಿ ಸಾವು ಶೇ. 7 ಇಳಿಯಿತು. ಹೃದಯದ ಸ್ಕ್ಯಾನ್ ಕೂಡ ಸೇರಿಸಿದ ಡ್ಯಾನ್‌ಕವಾಸ್ ಪ್ರಯೋಗದಲ್ಲಿ (2022) ಇಳಿಕೆ ನಿಶ್ಚಿತವೆನ್ನುವಷ್ಟು ಇರಲಿಲ್ಲ. ಲಕ್ಷಣವಿಲ್ಲದವರಿಗೆ ಎಬಿಐ ಮಾಡಲು ಸಾಕ್ಷ್ಯ ಸಾಲದೆಂದು ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಹೇಳಿತು. ಎರಡೂ ಡ್ಯಾನಿಶ್ ಪ್ರಯೋಗಗಳು ಗಂಡಸರವು. ಹೆಂಗಸರ ಪ್ರಶ್ನೆ ಹಾಗೆಯೇ ಇದೆ.

ಕಾಲಿನ ರಕ್ತಸಂಚಾರ ಸರಿಪಡಿಸಿದರೆ ಹೃದಯದ ಆಯುಷ್ಯ ಬೆಳೆಯುತ್ತದೆಯೇ ಎಂಬುದು ಎರಡನೆಯ ತೆರೆದ ಪ್ರಶ್ನೆ. ಮೂರನೆಯ ಪಂಥ ಹೌದೆನ್ನುತ್ತದೆ; ಪ್ರಯೋಗದ ಪುರಾವೆ ಅದರ ಕೈಯಲ್ಲಿಲ್ಲ. ಮೊಣಕಾಲ ಕೆಳಗಿನ, ಸುಣ್ಣ ಮತ್ತು ಹೆಪ್ಪಿನ ಮಧುಮೇಹಿ ಧಮನಿ ರೋಗಕ್ಕೆ ಹೃದಯದ ಔಷಧಗಳೇ ಸಾಕೋ ಬೇರೆ ಬೇಕೋ ಎಂಬುದು ಮೂರನೆಯದು.

ನಾಲ್ಕನೆಯದು ನಮ್ಮದೇ. ಇಲ್ಲಿ ಸೌಕರ್ಯಗಳಿಗೆ ತೀರಾ ಬರವಿಲ್ಲ. ಮಣಿಪಾಲದಲ್ಲಿ 1953ರಿಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿದೆ, ಮಧುಮೇಹಿಗಳ ಪಾದ ಆರೈಕೆಗೆ ಮೀಸಲಾದ ಕೇಂದ್ರವಿದೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸ್‌ಆ್ಯಪ್‌ನಲ್ಲೇ ಅದನ್ನು ಓದಿ ಹೇಳುವ ದಾರಿ ಮಾಡಿತು. 2024ರಲ್ಲಿ ರಾಜ್ಯ ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲೂಕು ಆಸ್ಪತ್ರೆಗಳಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಒದಗಿಸಿತು. ಇವುಗಳಲ್ಲಿ ಹೃದಯದ ಕಡೆಯ ಯೋಜನೆಗಳು ಆಘಾತ ಶುರುವಾದ ಮೇಲಿನ ಓಟಕ್ಕೆ. ಪಾದದ ಕಡೆಯವು ಹೆಚ್ಚಾಗಿ ಗಾಯ ಕಂಡ ಮೇಲಿನ ಆರೈಕೆಗೆ. ಎರಡರ ನಡುವಿನ ಹತ್ತಾರು ವರ್ಷಗಳ ನಿಧಾನದ ಕಥೆ ನಮ್ಮ ಜನರಲ್ಲಿ ಹೇಗೆ ಸಾಗುತ್ತದೆ? ಕರಾವಳಿಯವರ ಅಂಕಿ ಚೆನ್ನೈನಂತಿದೆಯೇ, ಉತ್ತರ ಕೇರಳದಂತಿದೆಯೇ? ಕಡಿಮೆ ಎಬಿಐ ಇಲ್ಲಿಯೂ ಹೃದಯದ ಅಪಾಯವನ್ನು ಅಷ್ಟೇ ನಿಖರವಾಗಿ ಹೇಳುತ್ತದೆಯೇ? ಹಿರಿಯಡ್ಕ, ಕಾಪು, ಕಾರ್ಕಳದ ಒಂದಿಷ್ಟು ಸಾವಿರ ಜನರ ಇಸಿಜಿಯನ್ನೂ ಹರಡಿನ ಒತ್ತಡವನ್ನೂ ಒಟ್ಟಿಗೆ ಬರೆದಿಟ್ಟು, ಹತ್ತಿಪ್ಪತ್ತು ವರ್ಷ ಅವರನ್ನೇ ಹಿಂಬಾಲಿಸುವ ಅಧ್ಯಯನ ಮಾತ್ರ ಇದಕ್ಕೆ ಉತ್ತರ ಕೊಡಬಲ್ಲದು. ಸ್ಯಾನ್ ಡಿಯಾಗೊದಲ್ಲಿ ಆ ಕೆಲಸಕ್ಕೆ ಬೇಕಾದದ್ದು 565 ಜನ.